ಗೋಡೆಯ ಮೇಲೆ ಹರಿದ ಕಾವೇರಿ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಜೊತೆಮಾಡಿಕೊಂಡ ಕಾವೇರಿ ಕೊಳ್ಳೇಗಾಲದ ಸೀಮೆಗೆ ಕಾಲಿಡುವಾಗ ಎರಡು ಅಣೆಕಟ್ಟೆಗಳ ನೀರು ಹೊತ್ತು ಬರುತ್ತಾಳೆ. ಕೊಡಗಿನಲ್ಲಿ ಮಳೆ ಹಿಡಿದರೆ ಕನ್ನಂಬಾಡಿ ತುಂಬುತ್ತದೆ, ವಯನಾಡಿನಲ್ಲಿ ಹಿಡಿದರೆ ಕಬಿನಿ. ಎರಡೂ ಕಡೆ ಒಟ್ಟಿಗೇ ಹಿಡಿದು, ಎರಡೂ ಕಡೆಯ ಗೇಟುಗಳು ಒಂದೇ ವಾರದಲ್ಲಿ ಎದ್ದವೆಂದರೆ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿ, ಹರಳೆ, ಯಡಕುರಿಯದ ಜನ ದನಕರುಗಳ ಹಗ್ಗ ಬಿಚ್ಚಿ, ಗಂಟುಮೂಟೆ ಕಟ್ಟಿ, ಎತ್ತರದ ಜಾಗ ಹುಡುಕಬೇಕು. 2018ರ ಆಗಸ್ಟ್‌ನಲ್ಲಿ ಹೀಗಾಯಿತು. ಮರುವರ್ಷ ಅದೇ ತಿಂಗಳಲ್ಲಿ ಮತ್ತೆ ಆಯಿತು. 2024ರಲ್ಲಿ ಇನ್ನೊಮ್ಮೆ. ಕಾವೇರಿ ಕಣಿವೆಯನ್ನೇ ತೊಳೆದುಹಾಕಿದ 1924ರ ಮಹಾನೆರೆ ಶತಮಾನದ ಮಾತಾಯಿತು. ಈಗಿನದು ಶಾಲೆಗೆ ಹೋಗುವ ಮಕ್ಕಳು ತಮ್ಮ ವಯಸ್ಸಿನ ಲೆಕ್ಕದಲ್ಲಿ ಹೇಳಬಲ್ಲ ನೆರೆ. ಮೂರನೇ ಕ್ಲಾಸಿನಲ್ಲಿ ಒಂದು, ನಾಲ್ಕರಲ್ಲಿ ಒಂದು, ಒಂಬತ್ತರಲ್ಲಿ ಒಂದು.

ಆ ಊರುಗಳ ಹುಡುಗ ಹುಡುಗಿಯರಿಗೆ ಫೋಟೊ ತೆಗೆಯುವುದನ್ನು ಹೇಳಿಕೊಡುವ ಆಸೆಯಿಂದ ನಾನು ರಾಗಿ ಒಕ್ಕಣೆಯ ದಿನಗಳಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಚೀಲದಲ್ಲಿ ಗೆಳೆಯರು ಕೊಟ್ಟ ಹಳೆಯ ಮೊಬೈಲುಗಳು, ಒಂದೆರಡು ಪುಟ್ಟ ಡಿಜಿಟಲ್ ಕ್ಯಾಮೆರಾ, ಬಿಳಿ ಪಂಚೆ, ಭೂತಗನ್ನಡಿ, ಬೆಳಕು ತಾಗದಂತೆ ಸುತ್ತಿಟ್ಟ ಎರಡು ಸೀಸೆ ರಾಸಾಯನಿಕ. ಅಲ್ಲಿಂದ ಹನೂರು, ಆಮೇಲೆ ಯಳಂದೂರು, ಕೊನೆಗೆ ಬಿಳಿಗಿರಿರಂಗನ ಬೆಟ್ಟ ಎಂಬುದು ದಾರಿ. ಮೂರೂ ಕಡೆ ಮಣ್ಣಿಗೆ ಬಂದ ಕಷ್ಟ ಬೇರೆ ಬೇರೆ. ಹೊಳೆಯ ದಂಡೆಯಲ್ಲಿ ನೀರು ಹೆಚ್ಚಾಯಿತು, ಹನೂರಿನಲ್ಲಿ ನೀರು ಇಲ್ಲವಾಯಿತು, ಬೆಟ್ಟದಲ್ಲಿ ಕಾಡಿನೊಳಗೇ ಇನ್ನೊಂದು ಕಾಡು ಬೆಳೆದುಕೊಂಡಿತು.

ನೆರೆ ಬಂದಾಗ ಕ್ಯಾಮೆರಾಗಳಿಗೆ ಬರವಿಲ್ಲ. ಟಿವಿಯ ಗಾಡಿಗಳು ಬರುತ್ತವೆ, ಡ್ರೋನು ಮೇಲೇರುತ್ತದೆ, ಮುಳುಗಿದ ಬಾಳೆತೋಟದ ನಡುವೆ ಗುಡಿಯ ಗೋಪುರವೊಂದು ಮಾತ್ರ ಕಾಣುವ ಚಿತ್ರ ನಾಡಿಗೆಲ್ಲ ತಲುಪುತ್ತದೆ. ನೀರು ಇಳಿಯುವ ಮೊದಲೇ ಗಾಡಿಗಳು ಹೊರಟಿರುತ್ತವೆ. ಮೇಲಿನಿಂದ ನೋಡಿದರೆ ದಾಸನಪುರವೂ ಒಂದೇ, ಬಿಹಾರದ ಯಾವುದೋ ಊರೂ ಒಂದೇ. ಇದು ಇಂದಿನ ರೋಗವಲ್ಲ. 1956ರ ತನಕ ಕೊಳ್ಳೇಗಾಲ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಮದರಾಸು ಪ್ರಾಂತ್ಯವೂ ಮೈಸೂರು ಸೀಮೆಯೂ 1876ರಿಂದ 78ರವರೆಗೆ ಧಾತು ಈಶ್ವರ ಬರದಲ್ಲಿ ಬೆಂದಾಗ ವಿಲ್ಲೋಬಿ ಹೂಪರ್ ಎಂಬ ಸೇನಾಧಿಕಾರಿ ಎಲುಬುಗೂಡಾದ ಜನರನ್ನು ಗುಂಪುಗುಂಪಾಗಿ ಕೂರಿಸಿ, ನಿಲ್ಲಿಸಿ ಫೋಟೊ ತೆಗೆದ. ಆ ಚಿತ್ರಗಳು ಇವತ್ತಿಗೂ ಇವೆ. ಅವುಗಳಲ್ಲಿರುವ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಅವರ ಕೈಗೆ ಆ ಪೆಟ್ಟಿಗೆ ಸಿಕ್ಕಿದ್ದರೆ ಯಾವುದರ ಕಡೆ ತಿರುಗಿಸುತ್ತಿದ್ದರು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಹಾಗೆ ಕೈಗೆ ಕೊಟ್ಟು ನೋಡಿದವರು ಉಂಟು. ಅಮೆರಿಕದ ಕೆಂಟಕಿಯ ಕಲ್ಲಿದ್ದಲ ಬೆಟ್ಟಗಳಲ್ಲಿ ವೆಂಡಿ ಎವಾಲ್ಡ್ 1970ರ ದಶಕದಲ್ಲೇ ಶಾಲೆಯ ಮಕ್ಕಳಿಗೆ ಕ್ಯಾಮೆರಾ ಹಿಡಿಸಿದರು. ಆಮೇಲೆ ಗುಜರಾತಿನ ಹಳ್ಳಿಯೊಂದಕ್ಕೂ ಬಂದು ಕಲಿಸಿದರು. ನಮ್ಮ ಪಕ್ಕದಲ್ಲೇ, ಉಷ್ಣವಿದ್ಯುತ್ ಸ್ಥಾವರಗಳ ಬೂದಿ ಕುಡಿದು ಬದುಕುವ ಉತ್ತರ ಚೆನ್ನೈಯಲ್ಲಿ, ಛಾಯಾಗ್ರಾಹಕ ಎಂ. ಪಳನಿ ಕುಮಾರ್ ಅಲ್ಲಿಯ ಮಕ್ಕಳನ್ನು ಕೂಡಿಸಿಕೊಂಡು ಇದೇ ಕೆಲಸ ಮಾಡುತ್ತಿದ್ದಾರೆ. ಮೀನು ಮಾರುವ ತಾಯಿಯ ಮಗ ಅವರು. ಆ ಮಕ್ಕಳ ಚಿತ್ರಗಳು ಎಗ್ಮೋರಿನ ವಸ್ತುಸಂಗ್ರಹಾಲಯದ ಗೋಡೆ ಏರಿದ್ದನ್ನು ಕೇಳಿದಾಗಿನಿಂದ ನನಗೆ ಕಾವೇರಿ ದಂಡೆಯದೇ ಧ್ಯಾನ.

ದಾಸನಪುರದಲ್ಲಿ ಹೊಳೆಗೆ ಮುಖಮಾಡಿದ ಒಂದು ಮನೆಯ ಪಡಸಾಲೆಯನ್ನು ಕೇಳಿ ಪಡೆದೆವು. ಮೊಬೈಲು ಮುಟ್ಟುವ ಮುಂಚೆ ಕ್ಯಾಮೆರಾದ ಹೊಟ್ಟೆಯೊಳಗೇ ಹೋಗಿ ಕೂರಬೇಕು ಎಂಬುದು ನನ್ನ ಪಾಠದ ಕ್ರಮ. ಕಿಟಕಿಗೂ ಬಾಗಿಲಿಗೂ ಟಾರ್ಪಾಲು ಕಟ್ಟಿದೆವು. ನೆರೆಯ ಸಮಯದಲ್ಲಿ ತಲೆಯ ಮೇಲೆ ಸೂರಾಗಿದ್ದ ಟಾರ್ಪಾಲೇ ಅದು, ಮಡಿಸಿಟ್ಟ ಗೆರೆಗಳಲ್ಲಿ ಇನ್ನೂ ಗೋಡು ಮಣ್ಣು ಕೂತಿತ್ತು. ಹೆಂಚಿನ ಸಂದುಗಳಿಗೆ ಹಳೆ ಸೀರೆ ತುರುಕಿದೆವು. ಹೊಳೆಯ ಕಡೆಯ ಕಿಟಕಿಯ ಟಾರ್ಪಾಲಿಗೆ ಕಡಲೆಕಾಳು ತೂರುವಷ್ಟು ಒಂದು ತೂತು. ಎದುರು ಗೋಡೆಗೆ ಬಿಳಿ ಪಂಚೆ.

ಮೊದಲು ಏನೂ ಇಲ್ಲ. ಕತ್ತಲು, ಮಕ್ಕಳ ಪಿಸುಮಾತು, ಯಾರೋ ಯಾರನ್ನೋ ಚಿವುಟಿದ ಸದ್ದು. ಕಣ್ಣು ಪಳಗಲು ಹೊತ್ತು ಬೇಕು. ನಿಧಾನಕ್ಕೆ ಪಂಚೆಯ ಮೇಲ್ಭಾಗದಲ್ಲಿ ಏನೋ ಮಿನುಗಿತು. ಮಿನುಗಿದ್ದು ಅಲುಗಾಡಿತು. ಆಮೇಲೆ ಅದರ ಕೆಳಗೆ ಹಸಿರು ಪಟ್ಟಿಯೊಂದು ಮೂಡಿತು, ಅದರಡಿಗೆ ತಿಳಿನೀಲಿ. ಆಚೆ ದಡದ ತೆಂಗಿನ ಮರಗಳು ತಲೆ ಕೆಳಗಾಗಿ ತೂಗುತ್ತಿದ್ದವು. ಕಾವೇರಿ ಸೂರಿಗೆ ತಾಗಿಕೊಂಡು ಹರಿಯುತ್ತಿದ್ದಳು, ನಿಜವಾದ ಬಣ್ಣದಲ್ಲಿ, ನಿಜವಾದ ವೇಗದಲ್ಲಿ. ಅಷ್ಟರಲ್ಲಿ ಒಂದು ತೆಪ್ಪ ಬಂತು. ಮೀನು ಹಿಡಿಯುವವನು ತಲೆಕೆಳಗಾಗಿ ಹುಟ್ಟು ಹಾಕುತ್ತಾ ಗೋಡೆಯ ಈ ತುದಿಯಿಂದ ಆ ತುದಿಗೆ ತೇಲಿಹೋದ. ಪಡಸಾಲೆಯಲ್ಲಿ ಉಸಿರು ಕೂಡ ಕೇಳಿಸಲಿಲ್ಲ. ನಾನು ಈ ಆಟವನ್ನು ಎಷ್ಟೋ ಊರುಗಳಲ್ಲಿ ಆಡಿಸಿದ್ದೇನೆ, ಆದರೂ ನನ್ನ ಮೈ ಜುಮ್ಮೆಂದಿತು.

ಪಂಚೆ ಗೋಡೆಯ ಪೂರ್ತಿ ಅಗಲಕ್ಕೆ ಸಾಲುತ್ತಿರಲಿಲ್ಲ. ಅದರ ಅಂಚಿನಾಚೆ, ಬರಿಯ ಗೋಡೆಯ ಮೇಲೆ, ನನ್ನ ಎದೆಯ ಮಟ್ಟದಲ್ಲಿ ಕಂದು ಬಣ್ಣದ ಗೆರೆಯೊಂದು ಉದ್ದಕ್ಕೂ ಹೋಗಿತ್ತು. ಎಷ್ಟು ಸುಣ್ಣ ಬಳಿದರೂ ಮತ್ತೆ ಮೇಲೆ ಬರುವ ನೆರೆಯ ಗೆರೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕತ್ತಲಲ್ಲಿ ತಡಕಾಡಿ ಅದರ ಮೇಲೆ ಬೆರಳಿಟ್ಟಳು. "ಅಕ್ಕ, ಆವಾಗ ನೀರು ಇಲ್ಲಿಗಂಟ ಬಂದಿತ್ತು ಕನಕ್ಕ. ಈಗ ನೀರು ತಲೆ ಮ್ಯಾಲದ, ನಾವು ನೆಂದಿಲ್ಲ."

ಬೆಳಕು ನೇರವಾಗಿ ಹೋಗುತ್ತದೆ, ಮೇಲಿಂದ ಬಂದದ್ದು ತೂತಿನ ಮೂಲಕ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ. ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ಬರ ವಿದ್ವಾಂಸ ಇಬ್ನ್ ಅಲ್ ಹೈಥಮ್ ಇದನ್ನು ಕೂಲಂಕಷವಾಗಿ ನೋಡಿ ಬರೆದಿಟ್ಟಿದ್ದಾನೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದೂ ಇದರಿಂದಲೇ ಎಂದಾಗ, ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಬಂದಿದ್ದ ಹುಡುಗ ಹಾಗಾದರೆ ದೇವರ ಮಹಿಮೆ ಅಲ್ಲವಾ ಎಂದ. ಬಾಗಿಲಲ್ಲಿ ಇಣುಕಿದ ಮನೆಯ ಅಜ್ಜಿ ಒಳಗೆ ಬಂದು ಸ್ವಲ್ಪ ಹೊತ್ತು ನೋಡಿ, "ಬುಟ್ಟರೆ ಮನೆಯೊಳಕ್ಕೇ ಬತ್ತಳೆ ಇವಳು" ಎಂದು ಕಾವೇರಿಯನ್ನು ಬೈದರು. ಬೈಗುಳದಲ್ಲಿ ಮಗಳನ್ನು ಬೈಯುವ ಸಲಿಗೆಯಿತ್ತು.

ಆಮೇಲೆ ಮೊಬೈಲು ಹಂಚಿದೆ. ಮುಳುಗಿದ್ದನ್ನು ಬೇರೆಯವರು ತೆಗೆದಾಗಿದೆ, ಉಳಿದದ್ದನ್ನು ನೀವು ತೆಗೆಯಿರಿ ಎಂದಷ್ಟೇ ಹೇಳಿದ್ದು. ಸಂಜೆ ಅವರು ತಂದ ಚಿತ್ರಗಳನ್ನು ನೋಡುತ್ತಾ ಕೂತವಳಿಗೆ ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ. ಅಟ್ಟದ ತೊಲೆಗೆ ಕಟ್ಟಿದ ಟಿವಿ; ವರ್ಷವಿಡೀ ಅದು ಅಲ್ಲೇ ಇರುತ್ತದಂತೆ, ನೋಡುವವರು ಕತ್ತು ಎತ್ತಿ ನೋಡಬೇಕು. ಬಾಗಿಲಿನ ಹಲಗೆ ನೀರು ಕುಡಿದು ಉಬ್ಬಿ, ಚಿಲಕ ಕೂರದೆ, ಹಗ್ಗ ಕಟ್ಟಿಕೊಂಡಿದ್ದು. ಗೋಡು ಕೂತ ಗದ್ದೆಯಲ್ಲಿ ಯಾರೂ ಬಿತ್ತದೆ ಎದ್ದುಬಂದ ಕುಂಬಳದ ಬಳ್ಳಿ. ಇದನ್ನು ತೆಗೆದ ಹುಡುಗನಿಗೆ ಖುಷಿಯೋ ಖುಷಿ: ಬೀಜ ಯಾವೂರಿಂದ ತೇಲಿ ಬಂತೋ, ಕಾಯಿ ಮಾತ್ರ ತಮ್ಮ ಮನೆಗೆ.

ಅವುಗಳಲ್ಲಿ ಒಂದು ಚಿತ್ರದ ಮುಂದೆ ನಾನು ನಿಂತುಬಿಟ್ಟೆ. ಅದು ಫೋಟೊದ ಫೋಟೊ. ಚೌಕಟ್ಟಿನೊಳಗೆ ಅಪ್ಪ ಅಮ್ಮನ ಮದುವೆಯ ಚಿತ್ರ. ಗಂಡಿನ ಪೇಟ, ಹೆಣ್ಣಿನ ಬಾಸಿಂಗ ಅಚ್ಚುಕಟ್ಟಾಗಿವೆ. ಎದೆಯಿಂದ ಕೆಳಗೆ ಇಬ್ಬರೂ ಇಲ್ಲ. ಹಳದಿ, ಕೆಂಪು, ನೇರಳೆ ಬಣ್ಣಗಳು ಒಂದರೊಳಗೊಂದು ಕರಗಿ ಅಲೆಯಲೆಯಾಗಿ ಹರಿದಿವೆ. ಕಾಗದದ ಮೇಲಿನ ಬಣ್ಣ ನಿಂತಿರುವುದು ಜೆಲಟಿನ್ ಎಂಬ ತೆಳು ಪದರದಲ್ಲಿ. ದಿನಗಟ್ಟಲೆ ನೀರಲ್ಲಿ ನೆಂದರೆ ಆ ಪದರವೇ ಕರಗುತ್ತದೆ. ಹಾಗಾಗಿ ಈ ಮನೆಯಲ್ಲಿ ಹೊಳೆ ಗೋಡೆಯ ಮೇಲೆ ಗೆರೆ ಎಳೆದಂತೆ ಮದುವೆಯ ಮೇಲೂ ಎಳೆದು ಹೋಗಿದೆ. ಹುಡುಗ ಅದನ್ನು ಬಿಸಿಲಿಗೆ ಹಿಡಿದು, ಪಕ್ಕದಲ್ಲಿ ಅಮ್ಮನನ್ನು ನಿಲ್ಲಿಸಿ ತೆಗೆದಿದ್ದ. ಅಮ್ಮ ಕ್ಯಾಮೆರಾ ನೋಡುತ್ತಿಲ್ಲ, ತನ್ನ ಹಳೆಯ ಮುಖವನ್ನು ನೋಡುತ್ತಿದ್ದಾಳೆ.

ಅದನ್ನು ಕಂಡಮೇಲೆ ಪಾಠದ ದಾರಿಯೇ ಬದಲಾಯಿತು. ಮರುದಿನ ಮಕ್ಕಳು ಮನೆಮನೆಗೆ ಹೋಗಿ ನೆಂದ ಆಲ್ಬಮ್ಮುಗಳನ್ನು ತಂದರು. 2011ರ ಸುನಾಮಿಯ ನಂತರ ಜಪಾನಿನ ಯಮಮೊಟೊ ಎಂಬ ಊರಿನಲ್ಲಿ ಸ್ವಯಂಸೇವಕರು ಕೆಸರಿನಲ್ಲಿ ಸಿಕ್ಕ ಲಕ್ಷಾಂತರ ಫೋಟೊಗಳನ್ನು ಒಂದೊಂದಾಗಿ ತೊಳೆದು, ಒಣಗಿಸಿ, ನಕಲು ತೆಗೆದು, ಸಾಧ್ಯವಾದಷ್ಟನ್ನು ಮನೆಯವರಿಗೆ ಮುಟ್ಟಿಸಿದ್ದರು. ನಾವು ಅದನ್ನೇ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಡಿದೆವು. ತಣ್ಣನೆಯ ಶುದ್ಧ ನೀರಿನಲ್ಲಿ ತೇಲಿಬಿಡಬೇಕು. ಬೆರಳಿಂದ ಉಜ್ಜಬಾರದು, ಉಜ್ಜಿದರೆ ಮುಖವೇ ಹೋಗುತ್ತದೆ. ಮೆತ್ತನೆಯ ಕುಂಚದಲ್ಲಿ ಗೋಡನ್ನು ಅಂಚಿನ ಕಡೆ ನೂಕಬೇಕು. ನೆರಳಲ್ಲಿ ಒಣಗಿಸಿ, ಓರೆ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ನಕಲು ತೆಗೆಯಬೇಕು. ಅಂಟಿಕೊಂಡ ಎರಡು ಹಾಳೆಗಳನ್ನು ಬಿಡಿಸಲು ಒಬ್ಬ ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದನ್ನು ನೋಡಬೇಕಿತ್ತು. ಬಿಟ್ಟುಕೊಂಡಾಗ ಒಳಗಿದ್ದದ್ದು ಚಿಕ್ಕಲ್ಲೂರು ಜಾತ್ರೆಯಲ್ಲಿ ತೆಗೆಸಿದ ಪಟ: ಬಣ್ಣದ ಪರದೆಯ ಮುಂದೆ ತಾತ, ತೊಡೆಯ ಮೇಲೆ ಯಾರೋ ಕೂಸು. ಆ ಕೂಸು ಯಾರೆಂದು ಹೇಳಲು ಬೀದಿಯ ಅರ್ಧ ಜನ ಸೇರಿದರು. ಫೋಟೊ ಕಲಿಸಲು ಹೋದ ಊರಿನಲ್ಲಿ ಫೋಟೊ ಎಂದರೆ ಏನೆಂಬುದನ್ನು ಅವರು ನನಗೆ ತೋರಿಸಿದರು.

ಮಧ್ಯೆ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಶಿವನಸಮುದ್ರಕ್ಕೆ ಹೋದೆವು. ಭರಚುಕ್ಕಿ ಸೌಮ್ಯವಾಗಿತ್ತು. ಇಲ್ಲಿಯ ವಿದ್ಯುತ್ತು 1902ರಲ್ಲೇ ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು ಎಂಬುದು ಅವರಿಗೆ ಪುಸ್ತಕದಲ್ಲಿದೆ. ಅವರನ್ನು ಹಿಡಿದಿದ್ದು ವೆಸ್ಲಿ ಸೇತುವೆ. 1830ರ ಸುಮಾರಿಗೆ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಈ ಸೇತುವೆಗೆ ಕಲ್ಲಿನದೇ ಕಂಬ, ಕಲ್ಲಿನದೇ ತೊಲೆ. 1924ರ ನೆರೆಗೂ ಜಗ್ಗದ ಅದರ ಒಂದು ಭಾಗವನ್ನು 2018ರ ಆಗಸ್ಟ್ ಕೊಚ್ಚಿಕೊಂಡು ಹೋಯಿತು. ಮಕ್ಕಳು ಮುರಿದ ಜಾಗದ ಕಡೆ ಕ್ಯಾಮೆರಾ ತಿರುಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಬ್ಬೊಬ್ಬರಾಗಿ ನಿಂತ ಕಂಬಗಳನ್ನು ತೆಗೆಯುತ್ತಾ ಹೋದರು.

ಕೊಳ್ಳೇಗಾಲದಿಂದ ಹನೂರಿಗೆ ಹೊರಟರೆ ಇಪ್ಪತ್ತೈದು ಕಿಲೋಮೀಟರಿನೊಳಗೆ ನೆಲದ ಬಣ್ಣ ಬದಲಾಗುತ್ತದೆ. ಹಿಪ್ಪುನೇರಳೆ, ಭತ್ತ, ಕಬ್ಬು ಹಿಂದೆ ಉಳಿದು ಕೆಂಪು ಮಣ್ಣು, ಜಾಲಿ, ಮುಸುಕಿನ ಜೋಳದ ಒಣಗಿದ ದಂಟು ಎದುರಾಗುತ್ತವೆ. ಮುಂದೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆ. ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಉಘೇ ಉಘೇ ಎನ್ನುತ್ತಾ ರಸ್ತೆಯ ಅಂಚಿನಲ್ಲಿ ಸಾಗುತ್ತಿದ್ದರು.

ನೆರೆಗೆ ತಾರೀಖು ಇದೆ, ಬರಕ್ಕೆ ಇಲ್ಲ. ಅದು ಯಾವ ದಿನ ಬಂತು ಎಂದು ಹೇಳಲಾಗದು. ಕೊಳವೆಬಾವಿ ಒಂದು ಬೇಸಿಗೆಯಲ್ಲಿ ಗಾಳಿ ಉಗುಳುತ್ತದೆ, ಇನ್ನೊಂದು ವರ್ಷ ಮೇವು ಕೊಳ್ಳುವಂತಾಗುತ್ತದೆ, ಮತ್ತೊಂದು ವರ್ಷ ಮನೆಯ ದೊಡ್ಡ ಮಗ ಊರು ಬಿಡುತ್ತಾನೆ. ಇಂಥದ್ದನ್ನು ಫೋಟೊದಲ್ಲಿ ಹಿಡಿಯುವುದು ಹೇಗೆ? ಬರ ಎಂದರೆ ಕೆರೆಯಂಗಳದ ಬಿರುಕು ಎಂದು ಪತ್ರಿಕೆಗಳು ನಮ್ಮ ಕಣ್ಣಿಗೆ ಕಲಿಸಿಬಿಟ್ಟಿವೆ. ಹನೂರಿನ ಹತ್ತಿರದ ಹಳ್ಳಿಯ ಪಿಯುಸಿ ಹುಡುಗಿಯೊಬ್ಬಳು ಬಿರುಕಿನ ಹತ್ತಿರವೂ ಹೋಗಲಿಲ್ಲ. ಅವಳು ತೆಗೆದದ್ದು ಬೀಗಗಳನ್ನು. ಬೆಂಗಳೂರಿಗೋ ತಿರುಪ್ಪೂರಿಗೋ ದುಡಿಯಲು ಹೋದವರ ಮನೆಬಾಗಿಲ ಬೀಗಗಳು. ತುಕ್ಕು ಹಿಡಿದದ್ದು, ಮಳೆ ಹನಿಯದಂತೆ ಪ್ಲಾಸ್ಟಿಕ್ ಸುತ್ತಿದ್ದು, ಅರಿಶಿನ ಕುಂಕುಮ ಹಚ್ಚಿ ಹಾಕಿಹೋದದ್ದು, ಹೊಸದಾಗಿ ಫಳಫಳಿಸುವುದು. ಪ್ರತಿ ಬೀಗಕ್ಕೂ ಕೆಳಗೆ ಒಂದು ಸಾಲು ಬರೆದಿದ್ದಳು: ಯುಗಾದಿಗೆ ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ಅಜ್ಜಿ ಸತ್ತಾಗ ಬಂದಿದ್ದರು. ಬರದ ಬಗ್ಗೆ ನಾನು ನೋಡಿದ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಇಲ್ಲಿಯ ಹುಡುಗರಿಗೆ ಫೋಟೊಗ್ರಫಿ ಹೊಸದೇನಲ್ಲ, ಕಾಡಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾ ಟ್ರ್ಯಾಪುಗಳನ್ನು ಅವರು ಬಲ್ಲರು. ಹನೂರಿನ ಸುತ್ತ ಎರಡು ದೊಡ್ಡ ಅಭಯಾರಣ್ಯಗಳಿವೆ: 1987ರಲ್ಲಿ ಘೋಷಣೆಯಾದ ಕಾವೇರಿ, 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ. ಸಂಜಯ್ ಗುಬ್ಬಿ ಮತ್ತವರ ತಂಡ ಚಿರತೆಗಳನ್ನು ಎಣಿಸಲು ವರ್ಷಗಟ್ಟಲೆ ಈ ಕಾಡುಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಇಟ್ಟಿದೆ. ಹೊಳೆಮತ್ತಿ ಹೆಸರಿನ ಅವರ ನಿಸರ್ಗ ಮಾಹಿತಿ ಕೇಂದ್ರವೂ ಇದೇ ಸೀಮೆಯದು. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಮೊಣಕಾಲೆತ್ತರಕ್ಕೆ. ಬಿಸಿ ಮೈಯೊಂದು ನಡುವೆ ಹಾದರೆ ಎರಡೂ ಒಟ್ಟಿಗೆ ಕ್ಲಿಕ್ಕಿಸುತ್ತವೆ. ಎರಡು ಯಾಕೆಂದರೆ ಚಿರತೆಯ ಎಡಮೈ ಚುಕ್ಕೆಗಳೇ ಬೇರೆ, ಬಲಮೈ ಚುಕ್ಕೆಗಳೇ ಬೇರೆ. ಕಾವೇರಿ ಅಭಯಾರಣ್ಯದಲ್ಲಿ ತರಕರಡಿ ಇದೆ ಎಂದು ಹೊರಜಗತ್ತಿಗೆ ಗೊತ್ತಾದದ್ದು ಹೀಗೆಯೇ. ಫೋಟೊ ತೆಗೆಯುವವನಿಲ್ಲದ ಫೋಟೊದಲ್ಲಿ ಪ್ರಾಣಿ ತನ್ನ ಪಾಡಿಗೆ ತಾನಿರುತ್ತದೆ. ಹುಡುಗರು ಅದನ್ನು ಮೆಚ್ಚಿ ಮಾತಾಡುತ್ತಿದ್ದರು.

ಆದರೆ ಕಾಡಂಚಿನ ಬದುಕು ಮೆಚ್ಚುಗೆಯಲ್ಲೇ ನಡೆಯುವುದಿಲ್ಲ. ಆನೆ ಹಂದಿಗಳಿಗೆ ಹೆದರಿ ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ಮನೆಗಳಿವು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಕಾಡಿನ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತವು. ಸಾಲಾಗಿ ಮಲಗಿಸಿದ ಆ ಐದು ದೇಹಗಳ ಚಿತ್ರ ನೋಡಿದ ಯಾರಿಗೂ ಅದು ಮರೆಯುವಂಥದ್ದಲ್ಲ, ಈ ಹುಡುಗರಿಗೂ ಅಲ್ಲ. ಅವರಲ್ಲೊಬ್ಬ ಅದರ ಬಗ್ಗೆ ಒಂದು ಮಾತೂ ಆಡದೆ ತಮ್ಮ ದೊಡ್ಡಿಯ ದನಗಳ ಮುಖವನ್ನು ಒಂದೊಂದಾಗಿ ತೆಗೆದು ತಂದ. ಕಂದು ಮೈಯಲ್ಲಿ ಬಿಳಿ ಮಚ್ಚೆಯ ಬರಗೂರು ತಳಿ. ಮನುಷ್ಯರ ಗುರುತಿನ ಚೀಟಿಯಂತೆ ಎದುರಿನಿಂದ, ಕಣ್ಣಿಗೆ ಕಣ್ಣು ಕೊಟ್ಟು. ಪ್ರತಿಯೊಂದಕ್ಕೂ ಹೆಸರಿತ್ತು. ಹುಲಿಗಳಿಗೆ ಕಾಡಿನ ಲೆಕ್ಕದಲ್ಲಿ ನಂಬರಿದೆ, ನಮ್ಮ ದನಗಳೂ ಯಾರದೋ ಲೆಕ್ಕಕ್ಕೆ ಸೇರಲಿ ಎಂದ. ಈ ಮಾತಿಗೆ ಉತ್ತರ ಕೊಡಬಲ್ಲವರು ನನಗಿಂತ ದೊಡ್ಡವರು, ಆದರೆ ಕೇಳಿಸಿಕೊಳ್ಳಬೇಕಾದ ಮಾತು.

ಯಳಂದೂರಿನಲ್ಲಿ ಬಸ್ಸಿಳಿದ ಕೂಡಲೆ ಬಳೆ ಮಂಟಪಕ್ಕೆ ಹೋದೆ. ಗೌರೀಶ್ವರ ಗುಡಿಯ ಈ ಹೆಬ್ಬಾಗಿಲು ಹದಿನಾಡಿನ ಪಾಳೆಯಗಾರರು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ್ದು. ಮೂಲೆಗಳಲ್ಲಿ ಒಂದಕ್ಕೊಂದು ಕೊಂಡಿಯಾದ ಕಲ್ಲಿನ ಬಳೆಗಳು ತೂಗುತ್ತವೆ. ಹೊರಗೆ ಸುವರ್ಣಾವತಿ, ಅದೂ ಮುಂದೆ ಕಾವೇರಿಗೇ ಸೇರಬೇಕು. ಕವಯಿತ್ರಿ ಸಂಚಿ ಹೊನ್ನಮ್ಮನ ಊರು ಇದು. ಇನ್ನೂ ನೋಡುವ ಆಸೆಯಿತ್ತು, ಬೆಟ್ಟದ ಬಸ್ಸು ಕಾಯುತ್ತಿರಲಿಲ್ಲ.

ಬಿಳಿಗಿರಿಯ ತಿರುವುಗಳನ್ನು ಹತ್ತುವಾಗ ಕಿಟಕಿಯಾಚೆ ಎಲ್ಲ ಹಸಿರು. ಬಿಡಿಸಿ ನೋಡದವರಿಗೆ ಅದು ತುಂಬಿದ ಕಾಡು. ಮರಗಳ ಬುಡದಲ್ಲಿ ಆಳೆತ್ತರಕ್ಕೆ ಹೆಣೆದುಕೊಂಡು, ಚಿಕ್ಕ ಚಿಕ್ಕ ಬಣ್ಣದ ಹೂ ಬಿಟ್ಟು ನಿಂತಿರುವುದೆಲ್ಲ ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಚಂದಕ್ಕೆಂದು ಕಲ್ಕತ್ತಾದ ತೋಟಕ್ಕೆ ತಂದರು. ಏಟ್ರಿ ಸಂಸ್ಥೆಯ ವಿಜ್ಞಾನಿಗಳು ಇದೇ ಬೆಟ್ಟದಲ್ಲಿ ಅಳೆದು ನೋಡಿದ್ದಾರೆ: 1997ರಿಂದ 2008ರ ನಡುವೆ ಅದು ಹರಡಿದ ಜಾಗ ಹೆಚ್ಚುಕಮ್ಮಿ ಇಮ್ಮಡಿಯಾಯಿತು. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರು ಇದಕ್ಕೆ ಕಾರಣವನ್ನು ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಮೊದಲೆಲ್ಲ ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ಇಬ್ಬನಿಯ ತಂಪಿರುವಾಗ ಅವರು ತರಗು ಬೆಂಕಿ ಹಾಕುತ್ತಿದ್ದರು. ಒಣಗಿದೆಲೆ ಮಾತ್ರ ಸುಟ್ಟು, ಹುಲ್ಲು ಚಿಗುರಿ, ನೆಲ್ಲಿ ಮರದ ಮೇಲಿನ ಬದನಿಕೆಯೂ ಹಿಡಿತದಲ್ಲಿರುತ್ತಿತ್ತು. 1974ರಲ್ಲಿ ಅಭಯಾರಣ್ಯವಾಯಿತು, ಅವರ ಹಾಡಿಗಳಾದ ಪೋಡುಗಳನ್ನು ಕಾಡಿನಿಂದ ರಸ್ತೆ ಬದಿಗೆ ತಂದರು, ಬೆಂಕಿ ಅಪರಾಧವಾಯಿತು. ನೆಲ ಲಂಟಾನದ ಪಾಲಾಯಿತು. ಹೊಳೆ ಉಕ್ಕಿದಂತೆ ಒಂದು ರಾತ್ರಿಯಲ್ಲಿ ಆದದ್ದಲ್ಲ, ಆದ್ದರಿಂದ ಇದನ್ನು ಯಾರೂ ದುರಂತ ಎನ್ನುವುದಿಲ್ಲ. ನಾನು ಅನ್ನುತ್ತೇನೆ.

ಪೋಡಿನ ಮಕ್ಕಳಿಗೆ ನಾನು ಮೊಬೈಲು ಕೊಡುವ ಮುಂಚೆ ಸೀಸೆಗಳನ್ನು ಬಿಚ್ಚಿದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನಕ್ಕೆ ಕ್ಯಾಮೆರಾ ಬೇಡ, ಕರೆಂಟು ಬೇಡ. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಕಲಸಿ, ಮಬ್ಬಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿ, ಮೇಲೆ ಎಲೆಯಿಟ್ಟು ಗಾಜು ಮುಚ್ಚಿ ಬಿಸಿಲಿಗಿಟ್ಟರೆ ಸಾಕು. ತೊಳೆದಾಗ ಬಿಸಿಲು ತಾಗಿದ ಜಾಗವೆಲ್ಲ ಕಡುನೀಲಿ, ಎಲೆಯ ಜಾಗ ಬಿಳಿ. ಮರುವರ್ಷವೇ ಅನ್ನಾ ಆಟ್ಕಿನ್ಸ್ ಎಂಬ ಹೆಣ್ಣುಮಗಳು ಕಡಲ ಪಾಚಿಗಳನ್ನು ಹೀಗೆ ಅಚ್ಚೊತ್ತಿ ಪುಸ್ತಕ ಮಾಡಲು ಹೊರಟಳು. ನಾನು ಎಲೆ ತನ್ನಿ ಎಂದದ್ದೇ ತಡ, ಮಕ್ಕಳು ಮಾಯ. ಬಂದಾಗ ಮಡಿಲ ತುಂಬ ಎಲೆ, ಬಾಯ ತುಂಬ ಹೆಸರು. ಇದು ಮಗ್ಗುಲು ನೋವಿಗೆ, ಇದನ್ನು ಕಡವೆ ತಿನ್ನುತ್ತದೆ, ಇದು ಹೂ ಬಿಟ್ಟರೆ ಹೆಜ್ಜೇನು ಕಟ್ಟುತ್ತದೆ. ಏಳೆಂಟು ವರ್ಷದ ಪುಟ್ಟಿಯೊಬ್ಬಳು ನನಗೆ ಒಂದೇ ಥರ ಕಂಡ ಎರಡು ಎಲೆಗಳನ್ನು ಬೇರೆ ಬೇರೆ ಮಾಡಿಟ್ಟಳು. ಅಚ್ಚಾಗಿ ಬಂದಾಗ ನರಗಳ ಹಾದಿ ಬೇರೆಯೇ ಇತ್ತು. ಈ ಕಾಡಿನಲ್ಲಿ ಸಿಕ್ಕ ಕಣಜವೊಂದರ ಹೊಸ ಕುಲಕ್ಕೆ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟಿದ್ದಾರೆ. ಈ ಕಣ್ಣುಗಳನ್ನು ಕಂಡಮೇಲೆ ಅದು ತಕ್ಕ ಗೌರವ ಎನಿಸಿತು.

ದೊಡ್ಡ ಹುಡುಗಿಯರು ಮೊಬೈಲು ಹಿಡಿದು ಯೆಲ್ಲೆಗಳ ಕಡೆ ಹೊರಟರು. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಯೆಲ್ಲೆ ಉಂಟು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ನಿತಿನ್ ರೈ, ಸುಶ್ಮಿತಾ ಮಂಡಲ್ ಮತ್ತು ಸೋಲಿಗರವರೇ ಆದ ಡಾ. ಸಿ. ಮಾದೇಗೌಡರು ಹಿರಿಯರೊಡನೆ ನಡೆದು ಇಂಥ ನೂರಾರು ಜಾಗಗಳನ್ನು ನಕ್ಷೆಗೆ ಇಳಿಸಿದ್ದಾರೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಗಾಂಧಿ ಜಯಂತಿಯ ದಿನ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಇಲ್ಲಿ. ಆ ನಕ್ಷೆಯ ಚುಕ್ಕೆಗಳಿಗೆ ಮುಖ ಕೊಡುವ ಕೆಲಸ ಈ ಹುಡುಗಿಯರದು.

ಅವರಲ್ಲೊಬ್ಬಳು ತಂದ ಚಿತ್ರದಲ್ಲಿ ಅವಳ ಅಜ್ಜಿ ತೋಳು ಚಾಚಿ ತೋರಿಸುತ್ತಿದ್ದಾರೆ. ತೋರಿಸಿದ ಕಡೆ ಇರುವುದು ಲಂಟಾನದ ಗೋಡೆ, ಬೇರೇನೂ ಇಲ್ಲ. "ಅಲ್ಲವಳೆ ನಮ್ಮ ಮಾರಮ್ಮ" ಎಂದಳು. ಅಜ್ಜಿ ಮದುವೆಯಾಗಿ ಬಂದಾಗ ಮಾರಮ್ಮನ ಕಲ್ಲಿನ ತನಕ ನಡೆದುಹೋಗಿ ದೀಪ ಹಚ್ಚುತ್ತಿದ್ದರಂತೆ. ಈಗ ನುಸುಳಲೂ ದಾರಿಯಿಲ್ಲ, ಇಲ್ಲೇ ನಿಂತು ಕೈ ಮುಗಿಯುವುದು. ಕಾಣದೇ ಇರುವುದನ್ನು ಕಾಣದ ಹಾಗೆಯೇ ತೆಗೆದು, ಅದು ಅಲ್ಲಿದೆ ಎಂದು ನೋಡುವವರಿಗೆ ನಂಬಿಕೆ ಹುಟ್ಟಿಸುವುದಕ್ಕೆ ದೊಡ್ಡ ದೊಡ್ಡ ಛಾಯಾಗ್ರಾಹಕರು ಜೀವಮಾನ ಸವೆಸುತ್ತಾರೆ.

ಕೊನೆಯ ದಿನ ಪೋಡಿನ ನಡುವೆ ಎರಡು ಮರಕ್ಕೆ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಬಿಟ್ಟೆವು. ನೀಲಿ ಎಲೆಗಳು ಒಂದು ಸಾಲು, ಯೆಲ್ಲೆಗಳು ಇನ್ನೊಂದು. ಎಲೆಗಳ ಮುಂದೆ ಅಜ್ಜಂದಿರ ಗಲಾಟೆ ಶುರುವಾಯಿತು, ಇದು ಅದಲ್ಲ, ಅದರ ತಮ್ಮ ಎಂದು. ಯೆಲ್ಲೆಗಳ ಮುಂದೆ ಹಿರಿಯರೊಬ್ಬರು ಬಹಳ ಹೊತ್ತು ನಿಂತು, ಅಜ್ಜಿ ಕೈ ಚಾಚಿದ ಚಿತ್ರವನ್ನು ತೋರಿಸಿ ಮೊಮ್ಮಗಳನ್ನು ಕರೆದರು. ಇದನ್ನು ತೆಗೆದಾಗ ಎಲ್ಲಿ ನಿಂತಿದ್ದೆ ಎಂದು ಕೇಳಿದರು. ಅವಳು ಕೈಯಾಡಿಸಿ ಹೇಳಿದ್ದು ಅವರಿಗೆ ಸಾಲಲಿಲ್ಲ. ಜಾಗ ತೋರಿಸು ಎಂದು ಎಬ್ಬಿಸಿಕೊಂಡು ಹೊರಟರು, ಹಿಂದೆ ನಾವೆಲ್ಲ. ಅವಳು ನಿಂತಿದ್ದ ಕಡೆ ನಾಲ್ಕು ಕಲ್ಲು ಪೇರಿಸಿದರು. ಲಂಟಾನ ತೆಗೆಸುವ ಮಾತನ್ನು ಗ್ರಾಮಸಭೆಯಲ್ಲಿ ಎತ್ತುತ್ತೇನೆ, ತೆಗೆದಾದಮೇಲೆ ಇದೇ ಕಲ್ಲಿನ ಮೇಲೆ ನಿಂತು ಇನ್ನೊಂದು ತೆಗಿ, ಎರಡನ್ನೂ ಒಟ್ಟಿಗೆ ಇಡೋಣ ಎಂದರು. ಅವಳು ನನ್ನ ಕಡೆ ತಿರುಗಿ, ಹಾಗಾದರೆ ಮೊಬೈಲು ಇಲ್ಲೇ ಇರಲಿ ಅಕ್ಕ, ರೊಟ್ಟಿ ಹಬ್ಬಕ್ಕೂ ಬೇಕು ಎಂದಳು. ಚಾರ್ಜರನ್ನೂ ಕೊಟ್ಟು ಬಂದೆ.